ಕೆಡಿಸಲೆಂದೇ ಕೊಂಡ ಹಲಗೆ

ಕೆಡಿಸುವುದಕ್ಕೆಂದೇ ದುಡ್ಡು ಕೊಟ್ಟು ಪದಾರ್ಥ ಕೊಳ್ಳುವವರುಂಟೆ? ಉಂಟು ಎಂದು ಈಚೆಗೆ ನನ್ನ ಮೊಮ್ಮಗನಿಂದ ತಿಳಿಯಿತು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಅವನು ಅಂಗೈಯಗಲದ ಹತ್ತು ಸರ್ಕ್ಯೂಟ್ ಬೋರ್ಡುಗಳನ್ನು ತಂದ. "ಇವು ಯಾವುದಕ್ಕಪ್ಪ?" ಎಂದೆ. "ಯಾವುದಕ್ಕೂ ಅಲ್ಲ ತಾತ, ಹಾಳು ಮಾಡೋದಕ್ಕೆ" ಎಂದ.

ವಿಷಯ ಇಷ್ಟು. ನಮ್ಮ ಮನೆಯಲ್ಲಿ ಬ್ರೆಡ್ಡು ಸುಡುತ್ತಿದ್ದ ಹಳೆಯ ವಿದ್ಯುತ್ ಓವನನ್ನು ಅವನು ಬೆಸುಗೆಯ ಒಲೆಯಾಗಿ ಮಾರ್ಪಡಿಸಿದ್ದ. ಈಗಿನ ಬಿಡಿಭಾಗಗಳು ಅಕ್ಕಿನುಚ್ಚಿನಷ್ಟು ಸಣ್ಣವು. ಒಂದೊಂದನ್ನೂ ಕೈಯಲ್ಲಿ ಬೆಸೆಯುತ್ತ ಕೂತರೆ ಕಣ್ಣೂ ಸೋಲುತ್ತದೆ, ಕೈಯೂ ಸೋಲುತ್ತದೆ. ಆದ್ದರಿಂದ ಬೆಸುಗೆಯ ಪುಡಿಯನ್ನು ರಾಳದಂಥ ದ್ರವ್ಯದಲ್ಲಿ ಕಲಸಿದ ಲೇಪವನ್ನು ಬೋರ್ಡಿಗೆ ಸವರಿ, ಭಾಗಗಳನ್ನು ಅದರ ಮೇಲೆ ಕೂರಿಸಿ, ಇಡಿಯ ಬೋರ್ಡನ್ನೇ ಒಲೆಗಿಡುತ್ತಾರೆ. ಶೇಕಡ ೬೩ ತವರ, ೩೭ ಸೀಸದ ಬೆಸುಗೆ ೧೮೩ ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ತುಸು ಓರೆಯಾಗಿ ಕೂತ ಭಾಗವನ್ನು, ಕರಗಿದ ಬೆಸುಗೆಯೇ ತನ್ನ ಸೆಳೆತದಿಂದ ನೆಟ್ಟಗೆ ಮಾಡುವುದನ್ನು ನೋಡಬೇಕು, ಅದೊಂದು ಸೊಗಸು. ಆದರೆ ಕಾವು ಹದವಾಗಿ ಏರಬೇಕು. ೧೫೦ರವರೆಗೆ ನಿಧಾನ, ಅಲ್ಲಿ ಒಂದೆರಡು ನಿಮಿಷ ತಂಗಿ, ಆಮೇಲೆ ೨೧೫ರ ಸುಮಾರಿಗೆ ಹತ್ತಿ ಬೇಗನೆ ಇಳಿಯಬೇಕು. ಹೆಚ್ಚಾದರೆ ಬೋರ್ಡು ಕಂದುತ್ತದೆ. ಕಡಿಮೆಯಾದರೆ ಬೆಸುಗೆ ಹಿಡಿಯುವುದಿಲ್ಲ. ಸೀಸ ವಿಷವಾದ್ದರಿಂದ "ಆ ಪೆಟ್ಟಿಗೆ ಇನ್ನು ಅಡಿಗೆಮನೆಯ ಹೊಸಲು ತುಳಿಯಕೂಡದು" ಎಂದು ನನ್ನ ಹೆಂಡತಿ ಆಜ್ಞೆ ಮಾಡಿದಳು. ಒಲೆ ಹಿತ್ತಲ ಕಡೆಯ ವರಾಂಡಕ್ಕೆ ಹೋಯಿತು.

ಮೊದಲನೆಯ ಬೋರ್ಡನ್ನು ಅವನು ಗಡಿಯಾರವನ್ನೂ ನೋಡದೆ ಒಳಗಿಟ್ಟ. "ಐವತ್ತು ರೂಪಾಯಿದು ತಾತ, ಹೋದರೆ ಹೋಗಲಿ." ಹೋಯಿತು, ಕಂದು ಬಣ್ಣಕ್ಕೆ ತಿರುಗಿ ಹೊರಬಂತು. ಎರಡನೆಯದರಲ್ಲಿ ಕೆಲವು ಭಾಗಗಳು ಒಂದು ಕಾಲಿನ ಮೇಲೆ ಎದ್ದು, ಮಾಸ್ತಿಕಲ್ಲುಗಳಂತೆ ನಿಂತಿದ್ದವು. ಒಂದು ತುದಿಯ ಬೆಸುಗೆ ಮೊದಲು ಕರಗಿ ಎಳೆದರೆ ಹೀಗಾಗುತ್ತದಂತೆ. ಎರಡು ಬೋರ್ಡು ಕೆಟ್ಟವು. ಅವನು ಕಲಿತದ್ದು ಮಾತ್ರ ಏನೂ ಇಲ್ಲ. ಎಷ್ಟು ಹೊತ್ತಿಗೆ ಎಷ್ಟು ಕಾವಿತ್ತು ಎಂದರೆ ಗೊತ್ತಿಲ್ಲ. ಕಾವು ಅಳೆಯುವ ತಂತಿ ಒಲೆಯ ಗಾಳಿಯಲ್ಲಿ ತೂಗುತ್ತಿತ್ತು. ಗಾಳಿಯ ಕಾವೇ ಬೇರೆ, ಬೋರ್ಡಿನ ಕಾವೇ ಬೇರೆ.

ಅಗ್ಗದ್ದೆಂದು ಅಸಡ್ಡೆ ಮಾಡಿದರೆ ಪರೀಕ್ಷೆ ಎಲ್ಲಿ ಆಯಿತು? ಬರಿಯ ಹಾಳುಮಾಡುವಿಕೆಯಾಯಿತು, ಅಷ್ಟೆ. ಮೂರನೆಯ ಬೋರ್ಡಿಗೆ ಅವನು ತಂತಿಯ ತುದಿಯನ್ನು ಬೋರ್ಡಿನ ಮೇಲೆಯೇ ಅಂಟಿಸಿದ. ಹತ್ತು ಸೆಕೆಂಡಿಗೊಮ್ಮೆ ಅಂಕಿ ಬರೆದುಕೊಳ್ಳುವ ಕೆಲಸ ನನಗೆ ಬಂತು. ಆ ಐವತ್ತು ರೂಪಾಯಿಯ ಹಲಗೆಯನ್ನು ಐದು ಸಾವಿರದ್ದೆಂಬಂತೆ ನಡೆಸಿಕೊಂಡೆವು. ಅದೂ ಕೆಟ್ಟಿತು, ಆದರೆ ಎಲ್ಲಿ ಕೆಟ್ಟಿತೆಂದು ಹೇಳಿ ಕೆಟ್ಟಿತು. ಆರನೆಯದು ಮಿರುಗುತ್ತ ಹೊರಬಂತು.

ಇಲ್ಲಿ ಒಂದು ಆಕ್ಷೇಪಣೆ ಉಂಟು. ಅವನ ನಿಜವಾದ ಬೋರ್ಡು ದೊಡ್ಡದು; ಅದರಲ್ಲಿ ತಾಮ್ರ ಹೆಚ್ಚು; ಕಾಯುವುದು ನಿಧಾನ. ಅಭ್ಯಾಸದ ಹಲಗೆ ಹೇಳಿದ್ದೆಲ್ಲ ಅದಕ್ಕೆ ಒಪ್ಪುವುದಿಲ್ಲ. ಅಮೆರಿಕದ ಎಡ್ವಿನ್ ಲಿಂಕ್, ತನ್ನ ತಂದೆಯ ಆರ್ಗನ್ ವಾದ್ಯದ ಕಾರ್ಖಾನೆಯಲ್ಲಿ ಕಲಿತ ತಿದಿಗಳ ವಿದ್ಯೆಯಿಂದ, ೧೯೨೯ರ ಸುಮಾರಿನಲ್ಲಿ ನೆಲದ ಮೇಲೆಯೇ ವಿಮಾನ ನಡೆಸಲು ಕಲಿಸುವ ಯಂತ್ರ ಕಟ್ಟಿದ. ಅದರಿಂದ ಎಷ್ಟೋ ಜನ ಕಲಿತರು. ಆದರೂ ಅವರಲ್ಲಿ ಪ್ರತಿಯೊಬ್ಬನೂ ಒಂದು ದಿನ ನಿಜವಾದ ಆಕಾಶಕ್ಕೆ ಮೊದಲ ಸಲ ಏರಲೇಬೇಕಾಯಿತು. ಅಭ್ಯಾಸ ಎಷ್ಟೇ ಇರಲಿ, ಒಂದು 'ಮೊದಲ ಸಲ' ಉಳಿದೇ ಉಳಿಯುತ್ತದೆ. ಆ ಮೊದಲ ಸಲದ ತಪ್ಪಿನ ಬೆಲೆಯನ್ನು ತೆರಬೇಕಾದವರು ಯಾರು?

ನಮ್ಮ ಗಾದೆಯೊಂದು ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರನ್ನು ಹಳಿಯುತ್ತದೆ. ಆ ಗಾದೆಯನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ನಗುತ್ತ ಹೇಳಿದ್ದೇನೆ. ಅದು ನನಗೇ ಹೇಳಿದ್ದೆಂದು ಆಗ ಹೊಳೆದಿರಲಿಲ್ಲ. ೧೯೭೪ರಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿ, ಒಂದು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡಲು ಸೇರಿದೆ. ಮೊದಲ ವರ್ಷವೇ ಒಬ್ಬ ಹುಡುಗ ಒಂದು ಲೆಕ್ಕವನ್ನು ನಾನು ತೋರಿಸಿದ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಮಾಡಿದ. ತಪ್ಪೆಂದು ಗೀಟು ಹಾಕಿ ಬೆಂಚಿನ ಮೇಲೆ ನಿಲ್ಲಿಸಿದೆ. ರಾತ್ರಿ ಮನೆಯಲ್ಲಿ ಮಾಡಿ ನೋಡಿದರೆ ಅವನದೇ ಸರಿ, ನನ್ನದಕ್ಕಿಂತ ಚಿಕ್ಕ ದಾರಿ. ಮಾರನೆಯ ದಿನ ಹೇಳಬೇಕೆಂದುಕೊಂಡೆ, ಹೇಳಲಿಲ್ಲ. ಹೊಸ ಮೇಷ್ಟರ ಮರ್ಯಾದೆ ಅಡ್ಡ ಬಂತು. ಅವನು ಆಮೇಲೆ ತರಗತಿಯಲ್ಲಿ ಕೈ ಎತ್ತಲಿಲ್ಲ.

ಆ ಘಟನೆಯಿಂದ ನಾನು ಕಲಿತೆ. ಮುಂದಿನ ಮೂವತ್ತಾರು ವರ್ಷ, ಬೇರೆ ದಾರಿ ಹಿಡಿದ ಮಕ್ಕಳನ್ನು ಕರೆದು ಕಪ್ಪುಹಲಗೆಯ ಮೇಲೆ ಬರೆಸಿದೆ. ಒಳ್ಳೆಯ ಮೇಷ್ಟರೆಂಬ ಹೆಸರೂ ಬಂತು. ಆದರೆ ನನ್ನ ಕಲಿಕೆಯ ಲಾಭವೆಲ್ಲ ನಂತರದವರಿಗೆ, ನಷ್ಟ ಅವನೊಬ್ಬನಿಗೆ. "ನಾನಾಗ ಕಲಿಯುತ್ತಿದ್ದೆ" ಎಂಬುದು ಸಮಾಧಾನವಾದೀತೆ?

ನಮ್ಮ ತಾಯಿ ದೋಸೆ ಹುಯ್ಯುವಾಗ ಮೊದಲನೆಯದು ಕಾವಲಿಗೆ ಹತ್ತಿಕೊಳ್ಳುತ್ತಿತ್ತು. ಅದನ್ನು ಅವರು ಎಂದೂ ನಮ್ಮ ಎಲೆಗೆ ಹಾಕಿದವರಲ್ಲ. ಕೆರೆದು ತೆಗೆದು ಪಕ್ಕಕ್ಕಿಟ್ಟು, ಕಡೆಯಲ್ಲಿ ತಾವೇ ತಿನ್ನುತ್ತಿದ್ದರು. ಕಲಿಯುವವನಿಗೆ ತಪ್ಪುವ ಹಕ್ಕುಂಟು, ನಿಜ. ಆದರೆ ಕೆಟ್ಟದ್ದು ಆದಷ್ಟೂ ಅವನ ಎಲೆಗೇ ಬೀಳಬೇಕು. ಬೇರೆಯವರ ಎಲೆಗೆ ಬಿದ್ದದ್ದಾದರೆ, ಹಾಗಾಯಿತೆಂದು ಅವರೆದುರು ಒಪ್ಪಿಕೊಳ್ಳುವುದಾದರೂ ಬೇಡವೆ? ನಾನು ತಪ್ಪಿದ್ದಕ್ಕಿಂತ ಒಪ್ಪಿಕೊಳ್ಳದೆ ಹೋದದ್ದೇ ಹೆಚ್ಚಿನ ತಪ್ಪೆಂದು ಈಗ ತೋರುತ್ತದೆ.

ಕಳೆದ ಭಾನುವಾರ ಮೊಮ್ಮಗ ನಿಜವಾದ ಬೋರ್ಡನ್ನು ಒಲೆಗಿಟ್ಟ. ಕೈ ಸ್ವಲ್ಪ ನಡುಗುತ್ತಿತ್ತು. ಒಂದು ಭಾಗ ಎದ್ದು ನಿಂತಿತು. ಅದನ್ನು ಕೈಯಿಂದಲೇ ಬೆಸೆದು ಸರಿಮಾಡಿದ. ಕೆಟ್ಟ ಹಲಗೆಗಳನ್ನೆಲ್ಲ, ಬೆನ್ನಿನ ಮೇಲೆ ಕಾವು, ಹೊತ್ತು ಬರೆದು ಒಂದು ಡಬ್ಬಿಯಲ್ಲಿಟ್ಟಿದ್ದಾನೆ.

"ಆ ಮೊದಲನೆಯದನ್ನು ನನಗೆ ಕೊಡು" ಎಂದೆ.

"ಅದರ ಮೇಲೆ ಏನೂ ಬರೆದಿಲ್ಲವಲ್ಲ ತಾತ?"

"ಗೊತ್ತು, ಕೊಡು" ಎಂದೆ. ಅದು ಈಗ ನನ್ನ ಬರೆಯುವ ಮೇಜಿನ ಮೇಲಿದೆ.