ಗೊತ್ತಿದ್ದೂ ಸುಮ್ಮನಿದ್ದರೆ ಅದು ಕಳ್ಳತನವೇ?

ಜ್ಞಾನೋಕ್ತಿ 20:14 ತೆಗೆಯಿರಿ. ಕೊಳ್ಳುವಾಗ ಮೂಗು ಮುರಿದು, ಕೊಂಡು ಹೋದ ಮೇಲೆ ಬೀಗುವ ಒಬ್ಬ ಗಿರಾಕಿ ಅಲ್ಲಿದ್ದಾನೆ. ಈ ವಚನ ಓದಿದಾಗೆಲ್ಲ ನಗ್ತಿದ್ದೆ. ಈಗ ನಗಲ್ಲ. ಯಾಕಂದ್ರೆ ಆ ಗಿರಾಕಿ ನಾನೇ ಆಗಿದ್ದೆ.

ಗುಬ್ಬಿಯಲ್ಲಿ ನಮ್ಮ ಸಭೆಯ ಒಬ್ಬ ಅಜ್ಜಿ ಇದ್ದಾರೆ. ಒಂಟಿಯಾಗಿ ದೊಡ್ಡ ಮನೆ ನೋಡ್ಕೊಳ್ಳೋಕೆ ಆಗ್ತಿರ್ಲಿಲ್ಲ. ತುಮಕೂರಲ್ಲಿ ಮಗನ ಎರಡು ಬೆಡ್‌ರೂಮಿನ ಮನೆಗೆ ಹೊರಟಿದ್ರು. ಅಟ್ಟದ ಮೇಲಿದ್ದ ತಾಮ್ರದ ಹಂಡೆ, ಹಿತ್ತಾಳೆ ಬಿಂದಿಗೆ, ಕೊಳಗ ಎಲ್ಲಾ ಅಂಗಳಕ್ಕೆ ಬಂತು. ಗುಜರಿಯವನು ತಕ್ಕಡಿ ತಂದ. ಎಲ್ಲವೂ ಕೆಜಿ ಲೆಕ್ಕ. ಸಹಾಯಕ್ಕೆ ಅಂತ ನಾನೂ ಹೋಗಿದ್ದೆ.

ಕೊನೆಗೆ ಅಜ್ಜಿ ಒಂದು ಬಿಸ್ಕತ್ ಡಬ್ಬ ತಂದ್ರು. ಒಳಗೆ ಮೂರು ಎಚ್‌ಎಂಟಿ ವಾಚು. ಅವರ ಯಜಮಾನರು ನಮ್ಮ ತುಮಕೂರಿನ ವಾಚ್ ಫ್ಯಾಕ್ಟರಿಯಲ್ಲೇ ಕೆಲಸ ಮಾಡಿ ರಿಟೈರ್ ಆದವರು. "ಇವು ಓಡಲ್ಲ ಪಾಸ್ಟ್ರೇ, ಇನ್ನೂರು ಸಿಕ್ಕಿದ್ರೆ ಸಾಕು" ಅಂದ್ರು. ನಾನು 500 ಕೊಟ್ಟೆ. ಅಜ್ಜಿ ನನ್ನ ಕೈ ಹಿಡಿದು ಆಶೀರ್ವಾದ ಮಾಡಿದ್ರು.

ಪ್ರಿಯರೇ, ನನಗೆ ಅವುಗಳ ಬೆಲೆ ಗೊತ್ತಿತ್ತು. ಎಚ್‌ಎಂಟಿ ಬೆಂಗಳೂರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ 1961ರಲ್ಲಿ ವಾಚು ಮಾಡೋಕೆ ಶುರು ಮಾಡ್ತು. 2016ರಲ್ಲಿ ಕೇಂದ್ರ ಸರ್ಕಾರ ವಾಚ್ ಕಂಪನಿ ಮುಚ್ಚೋಕೆ ಒಪ್ಪಿಗೆ ಕೊಡ್ತು. ಆಮೇಲೆ ಜನತಾ, ಪೈಲಟ್ ತರದ ಕೀ ಕೊಡೋ ಹಳೇ ವಾಚುಗಳನ್ನ ಹುಡುಕೋರು ಜಾಸ್ತಿ ಆದ್ರು. ಇದನ್ನೆಲ್ಲ ಮೊದಲೇ ಫೋನಲ್ಲಿ ನೋಡಿದ್ದೆ. ನಾನು ಸುಳ್ಳು ಹೇಳಲಿಲ್ಲ, ಕೇಳಿದ್ದಕ್ಕಿಂತ ಜಾಸ್ತಿನೇ ಕೊಟ್ಟೆ. ಹಾಗಾದ್ರೆ ತಪ್ಪೆಲ್ಲಿ?

ಕುಣಿಗಲ್‌ನ ಯೂತ್ ಮೀಟಿಂಗಲ್ಲಿ ಒಬ್ಬ ತಮ್ಮ ಇದನ್ನೇ ಕೇಳಿದ. "ಅಣ್ಣಾ, ಮತ್ತಾಯ 13ರಲ್ಲಿ ಹೊಲದಲ್ಲಿ ನಿಧಿ ಕಂಡವನು ಅದನ್ನ ಮುಚ್ಚಿಟ್ಟು, ಆಮೇಲೆ ಹೊಲ ತಗೊಂಡ ಅಲ್ವಾ? ಯೇಸುವೇ ಅವನ ಕಥೆ ಹೇಳಿದ್ದಾರಲ್ಲ?" ಒಳ್ಳೇ ಪ್ರಶ್ನೆ. ಆದ್ರೆ ತಾನು ಕಳ್ಳನ ಹಾಗೆ ಬರ್ತೀನಿ ಅಂತಲೂ ಕರ್ತನು ಹೇಳಿದ್ದಾನೆ. ಅದು ಕಳ್ಳತನಕ್ಕೆ ಲೈಸೆನ್ಸ್ ಅಲ್ಲ. ಆ ಸಾಮ್ಯದಲ್ಲಿ ನಾವು ನೋಡಬೇಕಾದ್ದು, ಇರೋದೆಲ್ಲ ಮಾರಿದವನ ಸಂತೋಷವನ್ನ. ವ್ಯಾಪಾರದ ನೀತಿ ಬೇಕಾದ್ರೆ ಯಾಜಕಕಾಂಡ 25:14 ಇದೆ. ಮಾರುವಾಗಲೂ ಕೊಳ್ಳುವಾಗಲೂ ಸಹೋದರನಿಗೆ ಅನ್ಯಾಯ ಮಾಡಬಾರದು ಅನ್ನೋದೇ ಅಲ್ಲಿನ ಆಜ್ಞೆ.

ಸುಮಾರು 1,600 ವರ್ಷದ ಹಿಂದೆ ಆಫ್ರಿಕಾದ ಹಿಪ್ಪೋ ಊರಿನ ಸಭಾಧ್ಯಕ್ಷ ಅಗಸ್ಟೀನ್ ತನಗೆ ಗೊತ್ತಿದ್ದ ಒಬ್ಬನ ವಿಷಯ ಬರೆದಿದ್ದಾನೆ. ಒಂದು ಪುಸ್ತಕ ಮಾರಾಟಕ್ಕೆ ಬಂತು. ಮಾರುವವನಿಗೆ ಅದರ ಬೆಲೆ ಗೊತ್ತಿಲ್ಲ, ತೀರಾ ಕಡಿಮೆ ಕೇಳಿದ. ಕೊಳ್ಳುವವನು ಪೂರ್ತಿ ನ್ಯಾಯವಾದ ಬೆಲೆಯನ್ನೇ ಕೊಟ್ಟ. ಅಗಸ್ಟೀನ್ ಇದನ್ನ ಯಾಕೆ ಬರೆದ ಗೊತ್ತಾ? ಅಗ್ಗಕ್ಕೆ ಕೊಂಡು ದುಬಾರಿಗೆ ಮಾರೋದೇ ಎಲ್ಲರ ಆಸೆ ಅಂತ ಲೋಕ ಹೇಳುತ್ತೆ. ಎಲ್ಲರದ್ದೂ ಅಲ್ಲ ಅಂತ ತೋರಿಸೋಕೆ.

ಹಾಗಂತ ಲಾಭ ಪಾಪ ಅಲ್ಲ. ಅಂಗಡಿ ಇಟ್ಕೊಂಡವನು ಬಾಡಿಗೆ ಕಟ್ತಾನೆ, ರಿಪೇರಿ ಮಾಡಿಸ್ತಾನೆ, ಗಿರಾಕಿಗೆ ವರ್ಷಗಟ್ಟಲೆ ಕಾಯ್ತಾನೆ. ಅವನು ವ್ಯಾಪಾರಿ ಅಂತ ಗೊತ್ತಿರೋದ್ರಿಂದ ಜನ ಚೌಕಾಸಿ ಮಾಡ್ತಾರೆ. ಅಜ್ಜಿ ನನ್ನ ಹತ್ರ ಚೌಕಾಸಿ ಮಾಡಲಿಲ್ಲ, ನಾನು ಪಾಸ್ಟರ್ ಅಂತ. ನನಗೆ ಲಾಭ ತಂದಿದ್ದು ಆ ನಂಬಿಕೆ. ಅದನ್ನೇ ನಾನು 500ಕ್ಕೆ ಮಾರಿಕೊಂಡೆ.

ಮೂರು ವಾರ ನಿದ್ದೆ ಬರಲಿಲ್ಲ. ವಾಚುಗಳನ್ನ ತುಮಕೂರಿನ ಒಬ್ಬ ಹಳೇ ರಿಪೇರಿಯವರಿಗೆ ತೋರಿಸ್ದೆ. ಒಂದಕ್ಕೆ ಡಯಲ್ ಹೊಸದಾಗಿ ಪೇಂಟ್ ಆಗಿತ್ತು, ಅದಕ್ಕೆ ಅಷ್ಟು ಬೆಲೆ ಇಲ್ಲ. ಎರಡು ಅಸಲಿ. ಡಬ್ಬ ಹಿಡ್ಕೊಂಡು ಅಜ್ಜಿ ಹತ್ರ ಹೋಗಿ ಎಲ್ಲಾ ಹೇಳ್ದೆ. ಅವರು ಕೇಳಿದ್ದು ಒಂದೇ ಮಾತು: "ಆವತ್ತೇ ಗೊತ್ತಿತ್ತಾ ನಿಮ್ಗೆ?" "ಗೊತ್ತಿತ್ತು ಅಜ್ಜಿ" ಅಂದೆ. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಒಂದು ವಾಚು ಎತ್ತಿಕೊಂಡ್ರು. "ಇದಕ್ಕೆ ಕೀ ಕೊಟ್ಟೇ ಅವರು ಡ್ಯೂಟಿಗೆ ಹೋಗ್ತಿದ್ದಿದ್ದು. ಇದನ್ನ ಮಾರಲ್ಲ" ಅಂದ್ರು. ಬೆಲೆ ಗೊತ್ತಾಗೋ ತನಕ ಅದನ್ನ ಇಟ್ಕೊಳ್ಳಬಹುದು ಅನ್ನೋದೇ ಅವರಿಗೆ ಹೊಳೆದಿರಲಿಲ್ಲ.

ಯೌವನಸ್ಥರೇ, ನಿಮ್ಮ ಅಜ್ಜಿ-ತಾತ ಮನೆ ಖಾಲಿ ಮಾಡುವಾಗ ಮೊದಲು ಅವರನ್ನ ಕೂರಿಸಿ ಕೇಳಿ, ಯಾವುದನ್ನ ಕೊಡೋಕೆ ಮನಸ್ಸಿಲ್ಲ ಅಂತ. ತಕ್ಕಡಿಗೆ ಹಾಕೋ ಮುಂಚೆ ತಿಳಿದವರು ಇಬ್ಬರಿಗೆ ತೋರಿಸಿ. ಕೊಳ್ಳೋನ ಹತ್ರವೇ ಬೆಲೆ ಕಟ್ಟಿಸಬೇಡಿ. ಹಳೇದು ಅಂತ ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಎಷ್ಟೋ ಸಲ ಆ ಹಳೇ ಬಣ್ಣಕ್ಕೇ ಬೆಲೆ ಇರುತ್ತೆ. 100 ವರ್ಷ ದಾಟಿದ ವಿಗ್ರಹ, ಚಿತ್ರ, ಕಲಾವಸ್ತುಗಳು, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳು 1972ರ ಪುರಾತನ ವಸ್ತುಗಳ ಕಾಯ್ದೆಗೆ ಬರ್ತವೆ. ಅವುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯಾಗಿ ವಿದೇಶಕ್ಕೆ ಕಳಿಸೋ ಹಾಗಿಲ್ಲ.

ನೀವೇ ಕೊಳ್ಳುವವರಾದ್ರೆ, ನಿಮಗೆ ಗೊತ್ತಿರೋದನ್ನ ಮೊದಲು ಹೇಳಿ, ಆಮೇಲೆ ರೇಟು ಮಾತಾಡಿ. ಹೇಳಿದ ಮೇಲೂ ಅವರು ಕಡಿಮೆಗೆ ಕೊಟ್ರೆ ಅದು ಅವರ ಪ್ರೀತಿ, ಸ್ತೋತ್ರ ಹೇಳಿ ತಗೊಳ್ಳಿ.

ಅಜ್ಜಿ ಈಗಲೂ ಸಭೆಗೆ ಬರ್ತಾರೆ. ಆದ್ರೆ ಯಾವ ವಸ್ತುವಿನ ವಿಷಯವನ್ನೂ ನನ್ನನ್ನ ಕೇಳಲ್ಲ, ಮಗನನ್ನ ಕೇಳ್ತಾರೆ. ಅದು ಸರಿಯೇ. ಕ್ಷಮೆ ಅವತ್ತೇ ಸಿಕ್ತು, ನಂಬಿಕೆ ವಾಪಸ್ ಬರೋಕೆ ಕಾಲ ಬೇಕು. ಪ್ರಾರ್ಥನೆ ಮಾಡೋಣ. ಆಮೆನ್.