ತ್ರುಟಿತಪತ್ರದ ಪ್ರಾಮಾಣ್ಯವಿಚಾರ

ಆದ್ಯಂತಗಳು ನಷ್ಟವಾದರೂ ಉಳಿದ ಅಕ್ಷರಗಳಿಂದಲೇ ಇಂಥ ಗ್ರಂಥದ್ದೆಂದು ನಿಶ್ಚಯಿಸಲು ಶಕ್ಯವಾದ ಲಿಖಿತಖಂಡವೇ ತ್ರುಟಿತಪತ್ರ. ‘ನಿಶ್ಚಯಿಸಲು ಶಕ್ಯವಾದ’ ಎಂಬ ವಿಶೇಷಣವನ್ನು ಬಿಟ್ಟರೆ ಈಜಿಪ್ಟಿನ ಮರಳಿನಲ್ಲಿ ಸಿಕ್ಕುವ ಪ್ರತಿಯೊಂದು ಚೂರಿಗೂ ಲಕ್ಷಣವು ಅತಿವ್ಯಾಪ್ತವಾಗುತ್ತದೆ. ಮ್ಯಾಂಚೆಸ್ಟರಿನ ಜಾನ್ ರೈಲ್ಯಾಂಡ್ಸ್ ಗ್ರಂಥಾಲಯದ ಗ್ರೀಕ್ ಪಪೈರಸ್ ಖಂಡವು ಇದಕ್ಕೆ ಉದಾಹರಣೆ. ಪಪೈರಸ್ ವಿದ್ವಾಂಸ ಗ್ರೆನ್‌ಫೆಲ್ 1920ರಲ್ಲಿ ಕೊಂಡು ತಂದ ಇದನ್ನು ಸಿ. ಎಚ್. ರಾಬರ್ಟ್ಸ್ 1935ರಲ್ಲಿ ಪ್ರಕಟಿಸಿದರು. ಅಂಗೈಯಲ್ಲಿ ಹಿಡಿಸುವ ಈ ಖಂಡದ ಮುಂಬದಿಯಲ್ಲಿ ಯೋಹಾನನ ಸುವಾರ್ತೆಯ 18ನೇ ಅಧ್ಯಾಯದ 31–33ನೇ ವಚನಗಳ, ಹಿಂಬದಿಯಲ್ಲಿ 37–38ರ ಭಾಗಗಳಿವೆ.

ಆಕಾರದಿಂದ ಪತ್ರವು ದ್ವಿವಿಧ: ಸುರುಳಿ, ಪುಸ್ತಕ. ಎರಡೂ ಬದಿಯಲ್ಲಿ ಬರಹವಿದ್ದರೆ ಪುಸ್ತಕವೆಂಬುದು ಪೂರ್ವಪಕ್ಷ. ಈ ಹೇತು ಅನೈಕಾಂತಿಕ. ಈಜಿಪ್ಟಿನ ಆಕ್ಸಿರಿಂಕಸ್‌ನ 413ನೇ ಪಪೈರಸ್ ಒಂದು ಗ್ರೀಕ್ ಪ್ರಹಸನದ ಸುರುಳಿಯಾಗಿದ್ದೂ ಅದರ ಹಿಂಬದಿಯಲ್ಲಿ ಬೇರೊಂದು ಪ್ರಹಸನವಿದೆ. ಆದ್ದರಿಂದ ಪಾಠಸಾತತ್ಯವೇ ಸದ್ಧೇತು: ಸುವಾರ್ತೆಯ ಖಂಡದಲ್ಲಿ ನಡುವಣ ವಚನಗಳು ಹರಿದುಹೋದ ಕೆಳಭಾಗದಲ್ಲಿ ಸರಿಯಾಗಿ ಹಿಡಿಸುತ್ತವೆ.

ಕಾಲವೂ ದ್ವಿವಿಧ: ರಚನಾಕಾಲ, ಲೇಖನಕಾಲ. ಪ್ರತಿಯು ರಚನೆಯ ಉತ್ತರಾವಧಿಯನ್ನು ಮಾತ್ರ ಹೇಳಬಲ್ಲದು. ರಾಬರ್ಟ್ಸ್ ಈ ಪ್ರತಿಯನ್ನು 2ನೇ ಶತಮಾನದ ಪೂರ್ವಾರ್ಧಕ್ಕೆ ಸೇರಿಸಿದರು. ಲಿಪಿಯೊಂದರಿಂದಲೇ 3ನೇ ಶತಮಾನದ ಆರಂಭವನ್ನು ನಿರಾಕರಿಸಲಾಗದೆಂದು ಬ್ರೆಂಟ್ ನೊಂಗ್ಬ್ರಿ 2005ರಲ್ಲಿ ತೋರಿಸಿದರು. ಇದು ಸುವಾರ್ತೆಯ ಪ್ರಾಚೀನತೆಗೆ ಬಾಧಕವಲ್ಲ, ಲಿಪಿಪ್ರಮಾಣದ ಸೀಮೆಯನ್ನಷ್ಟೇ ಹೇಳುತ್ತದೆ.

ಕನ್ನಡಿಗರಿಗೆ ಪ್ರಿಯವಾದ ಪ್ರಶ್ನೆ ಇಲ್ಲಿ ಏಳುತ್ತದೆ. ಆ 413ನೇ ಪಪೈರಸ್ಸಿನಲ್ಲಿ ಭಾರತದ ಕರಾವಳಿಯ ದೊರೆಗೆ ಮದ್ಯ ಕುಡಿಸಿ ಕ್ಯಾರಿಟಿಯಾನ್ ಎಂಬ ಗ್ರೀಕ್ ಯುವತಿಯನ್ನು ಬಿಡಿಸುವ ಪ್ರಸಂಗವಿದೆ. ದೊರೆಯ ಕಡೆಯವರ ಮಾತು ಕನ್ನಡವೆಂದು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಜ್ ಪ್ರತಿಪಾದಿಸಿದರು; ಆರ್. ಶಾಮಾಶಾಸ್ತ್ರಿಗಳು ಸಮರ್ಥಿಸಿದರು. ಸುವಾರ್ತೆಯನ್ನು ಬದಿಗೆ ಏಳೇ ಮುರಿದ ಸಾಲುಗಳಿಂದ ಗುರುತಿಸಬಹುದಾದರೆ ಕನ್ನಡವನ್ನೇಕೆ ಗುರುತಿಸಬಾರದು ಎಂಬುದು ಆಕ್ಷೇಪ.

ದೃಷ್ಟಾಂತವು ವಿಷಮ. ಸುವಾರ್ತೆಗೆ ಸ್ವತಂತ್ರವಾದ ಪೂರ್ಣಪಾಠವಿದೆ. ಊಹೆ ತಪ್ಪಿದರೆ ಅದು ಕೂಡಲೇ ತೋರಿಸುತ್ತದೆ. ಆ ಪ್ರಹಸನದ ಪ್ರತಿಯ ಕಾಲವಾದ 2ನೇ ಶತಮಾನದ ಕನ್ನಡಕ್ಕೆ ಅಂಥ ಪಾಠವಿಲ್ಲ, ಹಲ್ಮಿಡಿ ಶಾಸನವು ಸುಮಾರು 450ರದು. ದೊರೆಯ ಕಡೆಯವರ ಮಾತಿನ ‘ಕೊನ್ಜೆಯಿ’ ಎಂಬುದನ್ನು ‘ಕೊಂಚ’ ಎಂದು ಓದುವುದು ಸುಲಭ, ಮದ್ಯದ ಪ್ರಸಂಗಕ್ಕೂ ಹೊಂದುತ್ತದೆ; ಅದನ್ನು ಲಘುವಾಗಿ ತಳ್ಳಿಹಾಕಲಾಗದು. ‘ದಮುನ್’ ಎಂಬುದು ‘ಮಧು’ ಆಗಬೇಕಾದರೆ ಅಕ್ಷರಗಳ ಸ್ಥಾನವನ್ನೇ ಬದಲಿಸಬೇಕು. ಹಾಗೆ ಬದಲಿಸಲು ಭಾಷೆ ಕನ್ನಡವೆಂಬುದು ಮೊದಲೇ ಸಿದ್ಧವಾಗಿರಬೇಕು. ಸಾಧ್ಯವನ್ನೇ ಹೇತುವಾಗಿ ಹಿಡಿದಂತಾಯಿತು.