ಮೂರೂವರೆ ಇಂಚು ಹಳಿಯ ಮೇಲೆ ನಿಜವಾದ ಬೆಂಕಿ

ಉಗಿ ಇಂಜಿನ್ನಿನ ಆಕಾರವನ್ನು ಹದಿನಾರರಲ್ಲಿ ಒಂದು ಪಾಲಿಗೆ ಇಳಿಸಬಹುದು. ಬೆಂಕಿಯನ್ನು ಹಾಗೆ ಇಳಿಸಲು ಬರುವುದಿಲ್ಲ, ನೀರನ್ನೂ ಇಳಿಸಲು ಬರುವುದಿಲ್ಲ. ಕೈಯಾರೆ ಪುಟ್ಟ ಉಗಿ ಇಂಜಿನ್ ಕಟ್ಟುವವರ ಕಷ್ಟ ಶುರುವಾಗುವುದು ಇಲ್ಲಿಂದ. ಆ ಕೆಲಸದ ಘನತೆ ಇರುವುದೂ ಇಲ್ಲೇ ಎಂದು ನಾನು ನಂಬಿದ್ದೇನೆ.

ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು ನೋಡುವ ಪ್ರತಿಕೃತಿಯ ಮಾತಲ್ಲ ಇದು. ಎರಡು ಹಳಿಗಳ ನಡುವೆ ಮೂರೂವರೆ ಇಂಚು ಅಂತರ. ಅದರ ಮೇಲೆ ಒಬ್ಬರೇ ಎತ್ತಿ ಇಡಬಹುದಾದ ಇಂಜಿನ್. ಒಳಗೆ ಮೋಟಾರು, ಬ್ಯಾಟರಿ ಏನೂ ಇಲ್ಲ. ಅಂಗೈ ಅಗಲದ ಒಲೆಯಲ್ಲಿ ಕಲ್ಲಿದ್ದಲು ಉರಿದು, ನೀರು ಕುದಿದು, ಉಗಿ ಸಿಲಿಂಡರಿಗೆ ನುಗ್ಗಿ ಪಿಸ್ಟನ್ ತಳ್ಳುತ್ತದೆ. ಹಿಂದೆ ಕಟ್ಟಿದ ತಗ್ಗಿನ ಗಾಡಿಯಲ್ಲಿ ಕೂತ ದೊಡ್ಡವರನ್ನು, ಮಕ್ಕಳನ್ನು ಅದು ಎಳೆದುಕೊಂಡು ಹೋಗುತ್ತದೆ. ಬ್ರಿಟನ್ನಿನಲ್ಲಿ ಮನೆಯ ಹಿತ್ತಲ ಶೆಡ್ಡಿನಲ್ಲಿ ಒಂದು ಸಣ್ಣ ಲೇತು, ಒಂದು ಡ್ರಿಲ್ಲಿಂಗ್ ಮಷೀನು, ನಾಲ್ಕಾರು ಅರ ಇಟ್ಟುಕೊಂಡು ಇದನ್ನು ತಲೆಮಾರುಗಳಿಂದ ಮಾಡುತ್ತ ಬಂದಿದ್ದಾರೆ. ಇಂಥವರಿಗಾಗಿ ಪರ್ಸಿವಲ್ ಮಾರ್ಷಲ್ ಎಂಬವರು ‘ಮಾಡೆಲ್ ಎಂಜಿನಿಯರ್’ ಪತ್ರಿಕೆ ಹೊರಡಿಸಿದ್ದು 1898ರಲ್ಲಿ. ಒಂದು ಇಂಜಿನ್ ಮುಗಿಯಲು ವರ್ಷಗಳೇ ಹಿಡಿಯುತ್ತವೆ. ಹತ್ತು ವರ್ಷ ತೆಗೆದುಕೊಂಡವರೂ ಇದ್ದಾರೆ.

ಲೆಕ್ಕ ನೋಡಿ. ಉದ್ದವನ್ನು 16ರಲ್ಲಿ ಒಂದು ಪಾಲು ಮಾಡಿದರೆ ಹೊರಮೈಯ ವಿಸ್ತೀರ್ಣ 256ರಲ್ಲಿ ಒಂದು ಪಾಲಾಗುತ್ತದೆ, ಒಳಗೆ ಹಿಡಿಯುವ ನೀರು 4,096ರಲ್ಲಿ ಒಂದು ಪಾಲಾಗುತ್ತದೆ. ಹಾಗಾಗಿ ಹಿಡಿದ ನೀರಿಗೆ ಹೋಲಿಸಿದರೆ ಗಾಳಿಗೆ ಒಡ್ಡಿಕೊಂಡ ಮೈ 16 ಪಟ್ಟು ಹೆಚ್ಚು. ಕೂಡಿಟ್ಟ ಶಾಖ ಅಷ್ಟು ಬೇಗ ಸೋರಿಹೋಗುತ್ತದೆ. ದೊಡ್ಡ ಇಂಜಿನ್ನಿನ ಬಾಯ್ಲರಿನೊಳಗೆ ಬೆಂಕಿಯ ಜ್ವಾಲೆ ಹಾಯುವ ಎರಡಿಂಚು ದಪ್ಪದ ಕೊಳವೆಗಳು ನೂರಾರು ಇರುತ್ತವೆ. ಅವನ್ನು ಅಳತೆಗೆ ತಕ್ಕಂತೆ ಕಿರಿದು ಮಾಡಿದರೆ ಮೂರು ಮಿಲಿಮೀಟರು ಕೊಳವೆಯಾಗುತ್ತದೆ. ಬೂದಿಯೂ ಮಸಿಯೂ ಕೂತು ಅದು ಸ್ವಲ್ಪ ಹೊತ್ತಿಗೇ ಮುಚ್ಚಿಕೊಳ್ಳುತ್ತದೆ, ಬೆಂಕಿ ಉಸಿರುಗಟ್ಟಿ ಸಾಯುತ್ತದೆ. ಹಾಗಾಗಿ ಕಟ್ಟುವವರು ಕೊಳವೆಗಳ ಸಂಖ್ಯೆ ಕಡಿಮೆ ಮಾಡಿ, ಒಂದೊಂದನ್ನೂ ಅಳತೆಗಿಂತ ಬಹಳ ದಪ್ಪಗೆ ಇಡಬೇಕು. ಬಾಯ್ಲರಿನಲ್ಲಿ ನೀರೆಷ್ಟಿದೆ ಎಂದು ತೋರಿಸುವ ಗಾಜಿನ ನಳಿಗೆಯದೂ ಇದೇ ಕಥೆ. ತೀರ ಸಣ್ಣ ನಳಿಗೆಯಲ್ಲಿ ನೀರು ಗಾಜಿಗೆ ಅಂಟಿಕೊಂಡು ತಾನೇ ಮೇಲೇರುತ್ತದೆ. ಒಲೆಯ ನೆತ್ತಿ ಬರಿದಾಗುತ್ತ ಬಂದಿದ್ದರೂ ಗಾಜು ‘ನೀರಿದೆ’ ಎಂದು ಸುಳ್ಳು ಹೇಳುತ್ತದೆ. ಆ ಸುಳ್ಳನ್ನು ನಂಬಿದರೆ ಬಾಯ್ಲರ್ ಸುಟ್ಟು ಹಾಳಾಗುತ್ತದೆ, ಪಕ್ಕದಲ್ಲಿ ಇದ್ದವರಿಗೂ ಅಪಾಯ. ಅದಕ್ಕೇ ನಳಿಗೆಯನ್ನೂ ಅಳತೆ ಮೀರಿ ಅಗಲವಾಗಿ ಇಡುತ್ತಾರೆ.

ದೊಡ್ಡದನ್ನು ಕಣ್ಣಲ್ಲಿ ನೋಡಿ ನಕಲು ಮಾಡಿದವರ ಇಂಜಿನ್ ಓಡುವುದಿಲ್ಲ. ದೊಡ್ಡದು ಯಾಕೆ ಹಾಗಿದೆ ಎಂದು ಅರಿತು, ಆ ಕಾರಣವನ್ನು ಚಿಕ್ಕದರಲ್ಲಿ ಹೊಸದಾಗಿ ಕಟ್ಟಿದವರದು ಓಡುತ್ತದೆ.

ಈ ಮಾತು ಒಂದು ದೊಡ್ಡ ಜಗಳದಿಂದ ಇತ್ಯರ್ಥವಾದದ್ದು. 1920ರ ಸುಮಾರಿಗೆ ಇಷ್ಟು ಸಣ್ಣ ಇಂಜಿನ್ನುಗಳಿಗೆ ಸ್ಪಿರಿಟ್ ದೀಪ ಉರಿಸುವುದು ವಾಡಿಕೆಯಾಗಿತ್ತು. ಹೆನ್ರಿ ಗ್ರೀನ್ಲಿ ಆ ಕ್ಷೇತ್ರದ ಬಹು ದೊಡ್ಡ ಹೆಸರು. ಮುಂದೆ 1927ರಲ್ಲಿ ಇಂಗ್ಲೆಂಡಿನ ಕೆಂಟ್ ಕರಾವಳಿಯಲ್ಲಿ ಶುರುವಾದ 15 ಇಂಚು ಹಳಿಯ ರಾಮ್ನಿ ರೈಲಿಗೆ ಎಂಜಿನಿಯರ್ ಆಗಿದ್ದವರು ಅವರೇ. ಅವರ ಪಕ್ಷ ಸ್ಪಿರಿಟ್ ಉರಿಸುವ ಬಾಯ್ಲರಿನದು. ಅವರಿಗೆದುರಾಗಿ ನಿಂತವರು ತಮ್ಮ ಹೆಸರು ಹಾಕದೆ ‘ಎಲ್‌ಬಿಎಸ್‌ಸಿ’ ಎಂಬ ನಾಲ್ಕಕ್ಷರದ ಅಂಕಿತದಲ್ಲಿ ಬರೆಯುತ್ತಿದ್ದ ಒಬ್ಬರು. ಅವು ಲಂಡನ್ ಬ್ರೈಟನ್ ಅಂಡ್ ಸೌತ್ ಕೋಸ್ಟ್ ರೈಲ್ವೆಯ ಮೊದಲಕ್ಷರಗಳು. ಅವರು ದುಡಿದದ್ದು ಆ ರೈಲ್ವೆಯಲ್ಲಿ. ಎರಡೂವರೆ ಇಂಚು ಹಳಿಯ ಇಂಜಿನ್ ಕೂಡ ದೊಡ್ಡದರಂತೆಯೇ ಕಲ್ಲಿದ್ದಲು ಉರಿಸಿಕೊಂಡು ಮನುಷ್ಯರನ್ನು ಎಳೆಯುತ್ತದೆ ಎಂದು ಅವರು 1922ರಲ್ಲಿ ಸಾರಿದರು. ಪತ್ರಿಕೆಯ ಪುಟಗಳಲ್ಲಿ ವಾದವೆದ್ದಿತು. ‘ಬಾಯ್ಲರುಗಳ ಕದನ’ ಎಂದೇ ಅದಕ್ಕೆ ಹೆಸರಾಯಿತು. ಎಲ್‌ಬಿಎಸ್‌ಸಿ ಬರಿಯ ವಾದಕ್ಕೆ ನಿಲ್ಲಲಿಲ್ಲ, ‘ಅಯೇಷಾ’ ಎಂಬ ತಮ್ಮ ಇಂಜಿನ್ನನ್ನು ತಂದು ಓಡಿಸಿ ತೋರಿಸಿದರು. ಅದು ಜನರನ್ನು ಎಳೆಯಿತು.

ಆದರೆ ಗೆದ್ದದ್ದಕ್ಕಿಂತ ಗೆದ್ದ ಮೇಲೆ ಅವರು ಮಾಡಿದ್ದು ನನಗೆ ದೊಡ್ಡದಾಗಿ ಕಾಣುತ್ತದೆ. 1924ರಿಂದ ‘ಮಾಡೆಲ್ ಎಂಜಿನಿಯರ್’ ಪತ್ರಿಕೆಯಲ್ಲಿ ವಾರವಾರವೂ ಬರೆಯತೊಡಗಿದರು. 1967ರಲ್ಲಿ ತೀರಿಕೊಳ್ಳುವವರೆಗಿನ ಆಯುಷ್ಯದ ಬಹುಪಾಲು ಇದಕ್ಕೇ ಹೋಯಿತು. ಇಂಜಿನ್ನಿನ ನಕ್ಷೆ ಕೊಟ್ಟು ಸುಮ್ಮನಾಗುವವರಲ್ಲ ಅವರು. ತಗಡನ್ನು ಹೇಗೆ ಹಿಡಿಯಬೇಕು, ರಂಧ್ರ ಎಲ್ಲಿಂದ ಕೊರೆಯತೊಡಗಬೇಕು, ಸ್ಕ್ರೂ ಸಿಕ್ಕಿಕೊಂಡರೆ ಏನು ಮಾಡಬೇಕು, ಯಾವ ಉಪಕರಣ ಕೊಳ್ಳದೆ ಮನೆಯಲ್ಲೇ ಮಾಡಿಕೊಳ್ಳಬಹುದು, ಎಲ್ಲವನ್ನೂ ಪಕ್ಕದಲ್ಲಿ ನಿಂತು ಹೇಳಿದಂತೆ ಬರೆದರು. ಓದುವವರಲ್ಲಿ ಗುಮಾಸ್ತರಿದ್ದರು, ಅಂಗಡಿಯವರಿದ್ದರು, ಲೇತನ್ನೇ ಮುಟ್ಟದವರಿದ್ದರು. ‘ಟಿಚ್’ ಎಂಬ ನಾಲ್ಕೇ ಚಕ್ರದ ಮೂರೂವರೆ ಇಂಚಿನ ಇಂಜಿನ್ನನ್ನು ಅವರು ಹೊಸಬರಿಗೆಂದೇ ರೂಪಿಸಿದರು. ಅದು ಹುಟ್ಟಿ ಎಪ್ಪತ್ತು ವರ್ಷ ದಾಟಿದ ಮೇಲೂ ಜನ ಅದನ್ನು ಕಟ್ಟುತ್ತಲೇ ಇದ್ದಾರೆ. ಒಬ್ಬರ ಕೈಯಲ್ಲಿದ್ದ ವಿದ್ಯೆ, ಅವರನ್ನು ಎಂದೂ ನೋಡಿರದ ಸಾವಿರಾರು ಕೈಗಳಿಗೆ ಬರಿಯ ಬರಹದ ದಾರಿಯಲ್ಲೇ ಹೋಗಿ ಸೇರಿತು. ಬರೆಯುವ ಕೆಲಸದಲ್ಲಿರುವ ನನಗೆ ಇದನ್ನು ನೆನೆದಾಗಲೆಲ್ಲ ಮನಸ್ಸು ತುಂಬಿ ಬರುತ್ತದೆ.

ಈ ಇಂಜಿನ್ನಿನ ಪ್ರಾಣವಿರುವುದು ಬಾಯ್ಲರಿನಲ್ಲಿ. ನಮ್ಮ ಹಳೆಯ ಬಚ್ಚಲುಮನೆಗಳಲ್ಲಿ ಇರುತ್ತಿದ್ದ ತಾಮ್ರದ ಬಾಯ್ಲರನ್ನು ನೆನಪು ಮಾಡಿಕೊಳ್ಳಿ. ನಡುವೆ ಬೆಂಕಿಯ ಕೊಳವೆ, ಸುತ್ತ ನೀರು. ಇಲ್ಲಿರುವ ತತ್ತ್ವವೂ ಅದೇ. ಆದರೆ ಬಚ್ಚಲಿನ ಬಾಯ್ಲರಿಗೆ ಬಾಯಿ ತೆರೆದಿರುತ್ತದೆ, ಇದಕ್ಕೆ ಬಾಯಿಯಿಲ್ಲ. ಚದರ ಇಂಚಿಗೆ 80ರಿಂದ 100 ಪೌಂಡು ಒತ್ತಡವನ್ನು ಹೊಟ್ಟೆಯಲ್ಲಿಟ್ಟುಕೊಂಡು ಅದು ಕೆಲಸ ಮಾಡಬೇಕು.

ತಾಮ್ರದ ಗುಣ ವಿಚಿತ್ರವಾದದ್ದು. ಉಕ್ಕನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಗಟ್ಟಿಯಾಗುತ್ತದೆ, ತಾಮ್ರವನ್ನು ಹಾಗೇ ಮಾಡಿದರೆ ಮೆತ್ತಗಾಗುತ್ತದೆ. ಮೆತ್ತಗಾದ ತಗಡನ್ನು ಕಬ್ಬಿಣದ ಅಚ್ಚಿಗೆ ಬಿಗಿದು ಅಂಚನ್ನು ಸುತ್ತಿಗೆಯಿಂದ ಬಡಿದು ಬಗ್ಗಿಸಬೇಕು. ಒಂದಷ್ಟು ಏಟು ಬಿದ್ದೊಡನೆ ಅದು ಬಿರುಸಾಗುತ್ತದೆ, ಏಟಿನ ಸದ್ದೇ ಬದಲಾಗುತ್ತದೆ. ಆಗ ನಿಲ್ಲಿಸಿ ಮತ್ತೆ ಕಾಯಿಸಿ ಮತ್ತೆ ಅದ್ದಬೇಕು. ಅವಸರದಲ್ಲಿ ಇನ್ನೆರಡು ಏಟು ಹಾಕಿದರೆ ಅಂಚು ಸೀಳುತ್ತದೆ, ಅಷ್ಟೂ ತಗಡು ಹಾಳು.

ಆಮೇಲೆ ಬೆಸುಗೆ. ಬಳಸುವುದು ಬೆಳ್ಳಿ ಬೆರೆತ ಮಿಶ್ರಲೋಹ. ಅದು ಸುಮಾರು 600ರಿಂದ 700 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗುತ್ತದೆ. ತಾಮ್ರ ಕರಗಲು 1,085 ಡಿಗ್ರಿ ಬೇಕು. ಈ ಅಂತರದಲ್ಲೇ ಎಲ್ಲ ಕೆಲಸವೂ ನಡೆಯಬೇಕು. ಕೀಲುಗಳಿಗೆ ಬೆಸುಗೆಯ ಪುಡಿಯನ್ನು ಕಲಸಿ ಹಚ್ಚಿ, ಸುತ್ತಲೂ ಬೆಂಕಿ ಇಟ್ಟಿಗೆ ಪೇರಿಸಿ, ದೊಡ್ಡ ಟಾರ್ಚಿನಿಂದ ಇಡೀ ಬಾಯ್ಲರನ್ನೇ ಕಾಯಿಸಬೇಕು. ಎಲ್‌ಬಿಎಸ್‌ಸಿ ಕಾಲದಲ್ಲಿ ಇದಕ್ಕೆ ಸೀಮೆಎಣ್ಣೆಯ ಬ್ಲೋಲ್ಯಾಂಪ್ ಇತ್ತು, ಈಗ ಗ್ಯಾಸ್ ಇದೆ. ತಾಮ್ರ ಶಾಖವನ್ನು ಒಂದು ಕಡೆ ನಿಲ್ಲಗೊಡುವುದಿಲ್ಲ, ಕೊಟ್ಟಷ್ಟನ್ನೂ ಮೈಯೆಲ್ಲ ಹರಡಿಬಿಡುತ್ತದೆ. ಹಾಗಾಗಿ ಬಹಳ ಹೊತ್ತು ಏನೂ ಆಗುವುದಿಲ್ಲ. ಹಚ್ಚಿದ ಪುಡಿ ಉಬ್ಬಿ, ಇಳಿದು, ಗಾಜಿನಂತೆ ತಿಳಿಯಾಗುತ್ತದೆ. ತಾಮ್ರ ಮಂದ ಕೆಂಪಿಗೆ ತಿರುಗಿದಾಗ ಬೆಸುಗೆಯ ಕಡ್ಡಿಯನ್ನು ಕೀಲಿಗೆ ಮುಟ್ಟಿಸಿದರೆ, ಅದು ಒಮ್ಮೆಲೇ ನೀರಾಗಿ, ಕೂದಲೆಳೆಯಷ್ಟು ಸಂದಿನಲ್ಲಿ ತಾನೇ ಓಡಿ, ಸುತ್ತಲೂ ಹೊಳೆಯುವ ಗೆರೆಯಾಗಿ ಕಾಣಿಸಿಕೊಳ್ಳುತ್ತದೆ. ಗೆರೆ ಎಲ್ಲೂ ಕಡಿಯದೆ ಕೂಡಿಕೊಂಡರೆ ಕೀಲು ಗಟ್ಟಿ. ಮುಂದಿನ ಕೀಲಿಗೆ ಕಾಯಿಸುವಾಗ ಮೊದಲ ಬೆಸುಗೆ ಬಿಟ್ಟುಕೊಳ್ಳಬಾರದಲ್ಲ? ಅದಕ್ಕೆ ಮೊದಮೊದಲು ಹೆಚ್ಚು ಶಾಖಕ್ಕೆ ಕರಗುವ ಮಿಶ್ರಲೋಹ, ಕೊನೆಕೊನೆಗೆ ಕಡಿಮೆ ಶಾಖಕ್ಕೆ ಕರಗುವುದು. ಒಂದು ಸಲ ಕಾಯಿಸಿದ ಮೇಲೆ ತೆಳು ಆಮ್ಲದಲ್ಲಿ ಮುಳುಗಿಸಿ, ತೊಳೆದು, ಮುಂದಿನ ಕೀಲಿಗೆ ಹೋಗುವುದು.

ಎಲ್ಲ ಮುಗಿದ ಮೇಲೆ ಪರೀಕ್ಷೆ. ಬಾಯ್ಲರಿನೊಳಗೆ ಗಾಳಿಯ ಗುಳ್ಳೆಯೂ ಇಲ್ಲದಂತೆ ತಣ್ಣೀರು ತುಂಬಿ, ಕೈಪಂಪಿನಿಂದ ಕೆಲಸದ ಒತ್ತಡದ ಎರಡು ಪಟ್ಟು ಒತ್ತಡ ಕೊಡುತ್ತಾರೆ. ಗಾಳಿಯನ್ನೋ ಉಗಿಯನ್ನೋ ಬಳಸದೆ ನೀರನ್ನೇ ಬಳಸುವುದಕ್ಕೆ ಕಾರಣವಿದೆ. ನೀರು ಕುಗ್ಗುವುದಿಲ್ಲ, ಹಾಗಾಗಿ ಎಲ್ಲಾದರೂ ಬಿಟ್ಟುಕೊಂಡರೆ ಬರಿಯ ಒಂದು ಚಿಲುಮೆ ಚಿಮ್ಮಿ ಒತ್ತಡ ಬಿದ್ದುಹೋಗುತ್ತದೆ, ಸ್ಫೋಟವಾಗುವುದಿಲ್ಲ. ಕಟ್ಟಿದವರು ತಾವೇ ‘ಸರಿಯಿದೆ’ ಎಂದರೆ ಸಾಲದು. ಬ್ರಿಟನ್ನಿನ ಕ್ಲಬ್ಬುಗಳಲ್ಲಿ ಬೇರೆಯವರು ಮುಂದೆ ನಿಂತು ನೋಡಿ ಪ್ರಮಾಣಪತ್ರ ಬರೆದುಕೊಡಬೇಕು. ಈ ಕಟ್ಟುನಿಟ್ಟು ಬಹಳ ಸರಿಯಾದದ್ದು. ಮಕ್ಕಳನ್ನು ಕೂರಿಸಿಕೊಂಡು ಹೋಗುವ ಇಂಜಿನ್ ಅದು.

ಚಕ್ರಗಳ ಕೆಲಸವೂ ಕಣ್ಣಿಗೆ ಕಾಣುವಷ್ಟು ಸುಲಭವಲ್ಲ. ಒಂದು ಅಚ್ಚಿನ ಎಡ ಚಕ್ರದ ಕ್ರ್ಯಾಂಕಿಗೂ ಬಲ ಚಕ್ರದ ಕ್ರ್ಯಾಂಕಿಗೂ ಸರಿಯಾಗಿ 90 ಡಿಗ್ರಿ ಅಂತರ ಇರಬೇಕು. ಒಂದು ಪಿಸ್ಟನ್ ತುದಿ ಮುಟ್ಟಿ ಬಲವಿಲ್ಲದೆ ನಿಂತ ಗಳಿಗೆಯಲ್ಲಿ ಇನ್ನೊಂದು ತಳ್ಳುತ್ತಿರುತ್ತದೆ, ಹಾಗಾಗಿ ಇಂಜಿನ್ ಎಲ್ಲೇ ನಿಂತರೂ ಮತ್ತೆ ಹೊರಡಬಲ್ಲದು. ಒಂದು ಅಚ್ಚಿನ ಕೋನ ಇನ್ನೊಂದಕ್ಕಿಂತ ಚೂರು ಹೆಚ್ಚುಕಡಿಮೆಯಾದರೂ ಚಕ್ರಗಳನ್ನು ಜೋಡಿಸುವ ಸರಳು ಬಿಗಿದುಕೊಳ್ಳುತ್ತದೆ. ಎರಡು ಸಿಲಿಂಡರಿನ ಇಂಜಿನ್ನಿನಲ್ಲಿ ಚಕ್ರ ಒಂದು ಸುತ್ತು ಬರುವಾಗ ಉಗಿ ನಾಲ್ಕು ಸಲ ಚಿಮಣಿಯಿಂದ ಹೊರಬೀಳುತ್ತದೆ. ನಾಲ್ಕೂ ಸದ್ದು ಸಮನಾಗಿ ಬಿದ್ದರೆ ವಾಲ್ವು ಸರಿಯಾಗಿ ಕೂತಿದೆ ಎಂದರ್ಥ. ಒಂದು ಸದ್ದು ಮುಂಚೆಯೋ ತಡವಾಗಿಯೋ ಬಿದ್ದರೆ ಪಳಗಿದ ಕಿವಿಗೆ ಇಂಜಿನ್ ಕುಂಟುತ್ತಿರುವುದು ದೂರದಿಂದಲೇ ತಿಳಿಯುತ್ತದೆ. ಹೊರಬಿದ್ದ ಆ ಉಗಿಯೂ ವ್ಯರ್ಥವಲ್ಲ. ಚಿಮಣಿಯಲ್ಲಿ ಮೇಲಕ್ಕೆ ನುಗ್ಗುವಾಗ ಅದು ಹೊಗೆಯನ್ನು ಸೆಳೆದೊಯ್ಯುತ್ತದೆ, ಅದರ ಜಾಗಕ್ಕೆ ಹೊಸ ಗಾಳಿ ಕೆಂಡದ ಮೂಲಕ ನುಗ್ಗುತ್ತದೆ. ಇಂಜಿನ್ ಹೆಚ್ಚು ದುಡಿದಷ್ಟೂ ಅದರ ಬೆಂಕಿ ಹೆಚ್ಚು ಉರಿಯುತ್ತದೆ. ಈ ಒಂದು ಏರ್ಪಾಡಿನ ಮುಂದೆ ನನಗೆ ಪ್ರತಿಸಲವೂ ಬೆರಗು.

ಇಷ್ಟೆಲ್ಲ ಯಾಕೆ, ಒಳಗೊಂದು ಮೋಟಾರು ಇಟ್ಟು ಚಿಮಣಿಯಿಂದ ಹೊಗೆ ಬಿಟ್ಟರೆ ಮಕ್ಕಳಿಗೆ ಗೊತ್ತಾಗುತ್ತದೆಯೇ ಎಂದು ಕೇಳುವವರಿದ್ದಾರೆ. ಮಕ್ಕಳಿಗೆ ಗೊತ್ತಾಗದೆ ಇರಬಹುದು. ಕಟ್ಟುವವರಿಗೆ ಗೊತ್ತಿರುತ್ತದೆ. ಬಣ್ಣ ಬಳಿದು ಇಲ್ಲಿ ಯಾವ ಕೊರತೆಯನ್ನೂ ಮುಚ್ಚಿಡಲಾಗದು. ಸೀಮೆಎಣ್ಣೆಯಲ್ಲಿ ನೆನೆಸಿದ ಇದ್ದಿಲಿಗೆ ಕಡ್ಡಿ ಗೀರಿ, ಚಿಮಣಿಯ ಮೇಲೆ ಸಣ್ಣ ಫ್ಯಾನ್ ಇಟ್ಟು, ಬಟಾಣಿ ಗಾತ್ರದ ಕಲ್ಲಿದ್ದಲು ಹಾಕುತ್ತ ಗೇಜಿನ ಮುಳ್ಳು ಏಳುವುದನ್ನು ನೋಡುತ್ತ ಕೂತಾಗ, ವರ್ಷಗಳ ಕೆಲಸದ ಒಂದೊಂದು ಕೀಲೂ ತನ್ನ ಸಾಕ್ಷಿ ತಾನೇ ಹೇಳುತ್ತದೆ. ಇದನ್ನು ಕೇವಲ ಹವ್ಯಾಸ ಎಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ. ಬ್ರಿಟನ್ನಿನ ಉಗಿಬಂಡಿಯ ಚರಿತ್ರೆಯಲ್ಲಿ ಚಿಕ್ಕದೇ ಮೊದಲು ಬಂದದ್ದು. ವಿಲಿಯಂ ಮರ್ಡಾಕ್ 1784ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲಿನ ರೆಡ್ರುತ್ ಊರಿನಲ್ಲಿ ಉಗಿಯಿಂದ ಓಡುವ ಪುಟ್ಟ ಗಾಡಿಯೊಂದನ್ನು ಮಾಡಿದ್ದರು. ಅದೇ ಪ್ರಾಂತದ ರಿಚರ್ಡ್ ಟ್ರೆವಿಥಿಕ್ ಕೂಡ ಮೊದಲು ಮಾಡಿದ್ದು ಪುಟ್ಟ ಮಾದರಿಗಳನ್ನು. ವೇಲ್ಸಿನ ಪೆನಿಡ್ಯಾರನ್‌ನಲ್ಲಿ ಅವರ ದೊಡ್ಡ ಇಂಜಿನ್ ಹಳಿಯ ಮೇಲೆ 10 ಟನ್ ಕಬ್ಬಿಣ ಎಳೆದದ್ದು 1804ರ ಫೆಬ್ರುವರಿಯಲ್ಲಿ.

ಎಲ್‌ಬಿಎಸ್‌ಸಿ ಬರಹಗಳನ್ನು ನೆನೆಯುವಾಗ ನನ್ನ ಮನಸ್ಸು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನ ಕಡೆ ಹೋಗುತ್ತದೆ. ಉಗಿ ಇಂಜಿನ್ನುಗಳನ್ನು ಪೂರ್ತಿ ಬಿಚ್ಚಿ, ತಿದ್ದಿ, ಮತ್ತೆ ಜೋಡಿಸಿ ಹಳಿಗೆ ಕಳಿಸಿದ ಫಿಟ್ಟರುಗಳು, ಬಾಯ್ಲರ್ ಕೆಲಸದವರು ಅಲ್ಲಿ ತಲೆಮಾರುಗಟ್ಟಲೆ ಇದ್ದರು. ಸದ್ದು ಕೇಳಿಯೇ ವಾಲ್ವಿನ ತಪ್ಪು ಹೇಳಬಲ್ಲ ಕಿವಿಗಳು ಅವರವು. ಆ ಅರಿವನ್ನು ಅವರದೇ ಕನ್ನಡದಲ್ಲಿ, ‘ಮೊದಲು ಇದನ್ನು ಹಿಡಿ, ಆಮೇಲೆ ಅದನ್ನು ಸಡಿಲಿಸು’ ಎಂಬ ಮಟ್ಟದ ವಿವರದಲ್ಲಿ, ವಾರವಾರ ಅಚ್ಚು ಹಾಕಬೇಕಿತ್ತು ಎಂಬ ಆಸೆ ನನ್ನದು. ಇಂದಿಗೂ ಪೀಣ್ಯದ ಸಣ್ಣ ಶೆಡ್ಡುಗಳಲ್ಲಿ ಲೇತಿನ ಮುಂದೆ ನಿಂತವರಿದ್ದಾರೆ, ನಾಗಮಂಗಲದಲ್ಲಿ ಲೋಹ ಎರೆಯುವವರಿದ್ದಾರೆ. ಅವರ ಕೈಗೆ ತಿಳಿದಿರುವುದನ್ನು ಕೇಳಿ ಬರೆಯಲು ಹೊತ್ತು ಇನ್ನೂ ಮೀರಿಲ್ಲ.

ಬ್ರಿಟನ್ನಿನಲ್ಲಿ ಎಷ್ಟೋ ಇಂಜಿನ್ನುಗಳು ಶುರು ಮಾಡಿದವರ ಕೈಯಲ್ಲಿ ಮುಗಿಯುವುದಿಲ್ಲ. ವಯಸ್ಸಾಗುತ್ತದೆ, ಕಣ್ಣು ಮಂಜಾಗುತ್ತದೆ, ಕೆಲವರು ತೀರಿಕೊಳ್ಳುತ್ತಾರೆ. ಆಗ ಚೌಕಟ್ಟು, ಚಕ್ರ, ಅರ್ಧ ಕಟ್ಟಿದ ಬಾಯ್ಲರ್, ಎಣ್ಣೆ ಕಲೆಯ ನಕ್ಷೆಗಳು ಒಟ್ಟಾಗಿ ಮಾರಾಟಕ್ಕೆ ಬರುತ್ತವೆ. ಕೊಂಡವರು ಮೊದಲು ಒಂದೊಂದು ಭಾಗವನ್ನೂ ಅಳೆಯುತ್ತಾರೆ. ಸರಿಯಿಲ್ಲದ್ದನ್ನು ತೆಗೆದಿಟ್ಟು ಹೊಸದು ಮಾಡುತ್ತಾರೆ, ಸರಿಯಿರುವುದನ್ನು ಹಾಗೇ ಉಳಿಸಿಕೊಂಡು ಕೆಲಸ ಮುಂದುವರಿಸುತ್ತಾರೆ. ಮೂರನೆಯವರ ಕೈಗೆ ಹೋಗಿ ಮುಗಿದವೂ ಇವೆ. ಬಾಯ್ಲರ್ ಯಾರು ಕಟ್ಟಿದ್ದರೂ ಪ್ರಮಾಣಪತ್ರ ಇಲ್ಲವೆಂದರೆ ಅದನ್ನು ಮತ್ತೆ ತಣ್ಣೀರಿನ ಪರೀಕ್ಷೆಗೆ ಇಡಬೇಕು. ಅದು ತೇರ್ಗಡೆಯಾದ ಮೇಲೇ ಒಲೆಗೆ ಇದ್ದಿಲು ಹಾಕುವುದು.